ಕಂಡೂ ಕಾಣದ ಉಪಕಾರ

ಮನುಷ್ಯನ ಮನಸ್ಸು ಬಹು ವಿಚಿತ್ರವಾದುದು. ತನಗೆ ಇಲ್ಲದುದನ್ನು ಎಣಿಸುವಾಗ ಅದರ ಲೆಕ್ಕ ಎಂದೂ ತಪ್ಪುವುದಿಲ್ಲ. ಇರುವುದನ್ನು ಎಣಿಸು ಎಂದರೆ ಮಾತ್ರ ಎರಡು ಬೆರಳು ಮಡಚುವಷ್ಟರಲ್ಲಿ ದಣಿದು ಬಿಡುತ್ತದೆ. ಹಲ್ಲು ನೋಯುವಾಗ ಬಾಯಲ್ಲಿ ಹಲ್ಲಿದೆ ಎಂಬ ಅರಿವು. ನೋವು ನಿಂತ ಮರುದಿನವೇ ಅದರ ನೆನಪಿಲ್ಲ. ಕರೆಂಟು ಹೋದಾಗ ಬೈಯುವ ಬಾಯಿ, ಬಂದಾಗ ಸುಮ್ಮನೆ ಫ್ಯಾನಿನ ಗುಂಡಿ ಒತ್ತಿ ಮಲಗುತ್ತದೆ. ಇದು ಒಬ್ಬಿಬ್ಬರ ದೋಷವಲ್ಲ, ನಮ್ಮೆಲ್ಲರದೂ ಹೌದು.

ಕಳೆದ ಬೇಸಿಗೆಯಲ್ಲಿ ಬಯಲುಸೀಮೆಯ ಒಂದು ಹಳ್ಳಿಗೆ ಪರಿಚಯದವರ ಮನೆಯ ಕಾರ್ಯಕ್ಕೆ ಹೋಗಿದ್ದೆ. ಬೆಳಗಿನ ಜಾವ ಬೀದಿ ನಳಕ್ಕೆ ನೀರು ಬಂತು. ಕೊಡಗಳ ಸದ್ದು, ಹೆಂಗಸರ ಮಾತು, ಜಗಳ ಎಲ್ಲ ಒಟ್ಟಿಗೆ ಎದ್ದವು. ಮನೆಯ ಹಿರಿಯರು, ಎಪ್ಪತ್ತೆಂಟರ ವಯಸ್ಸಿನ ಮುದುಕರು, ಕೋಲೂರಿಕೊಂಡು ಬಂದು ನಳದ ಕೆಳಗೆ ಬೊಗಸೆಯೊಡ್ಡಿ ನೀರನ್ನು ಕಣ್ಣಿಗೆ ಒತ್ತಿಕೊಂಡರು. ಪಕ್ಕದಲ್ಲಿದ್ದ ಮೊಮ್ಮಗನಿಗೆ ನಗು ಬಂತು. ಅವನು ಪೇಟೆಯಲ್ಲಿ ಓದಿದವನು.

'ಎಂಟು ದಿನಕ್ಕೊಮ್ಮೆ ಬರೂ ನೀರಿಗೆ ಏನ್ ಕೈ ಮುಗೀತಿ ಮುತ್ಯಾ? ಬಂದ್ರೂ ಅರ್ಧ ತಾಸು ಇರೂದಿಲ್ಲ' ಎಂದ.

ಮುದುಕರು ಉತ್ತರ ಹೇಳಲಿಲ್ಲ. ಧೋತರವನ್ನು ಮೊಣಕಾಲಿನ ತನಕ ಎತ್ತಿ ಎಡಗಾಲಿನ ಮೀನಖಂಡವನ್ನು ತೋರಿಸಿದರು. ಅಲ್ಲಿ ರೂಪಾಯಿ ನಾಣ್ಯದಗಲದ ಹಳೆಯ ಕಲೆ. 'ನೀ ನಾರುಹುಣ್ಣು ನೋಡಿಲ್ಲ ತಮ್ಮಾ, ಅದಕ ಹಂಗ ಅಂತಿ' ಎಂದರು.

ಇಂದಿನ ಓದುಗರಲ್ಲಿ ಅನೇಕರಿಗೆ ನಾರುಹುಣ್ಣೆಂಬ ಶಬ್ದವೇ ಹೊಸದಿರಬಹುದು. ಹಾಗಿರುವುದೇ ಒಂದು ದೊಡ್ಡ ಭಾಗ್ಯ. ಹಿಂದೆ ಊರಿಗೊಂದು ಮೆಟ್ಟಿಲ ಬಾವಿ ಇರುತ್ತಿತ್ತು. ಜನ ಇಳಿದು ಹೋಗಿ, ಕಾಲು ನೀರಲ್ಲಿಟ್ಟು ಕೊಡ ತುಂಬುತ್ತಿದ್ದರು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರಿನ ಹುಳುವಿನೊಳಗೆ ಈ ರೋಗದ ಮರಿ ಅಡಗಿರುತ್ತಿತ್ತು. ಕುಡಿದವನಿಗೆ ಅಂದು ಏನೂ ತಿಳಿಯದು. ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆಯೆದ್ದು ಒಡೆದು, ನೂಲಿನಂಥ ಬಿಳಿ ಹುಳು ತಲೆ ಹಾಕುತ್ತಿತ್ತು. ಎರಡು ಮೂರು ಅಡಿ ಉದ್ದದ ಹುಳು. ಅದಕ್ಕೆ ಔಷಧವಿಲ್ಲ. ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಅವಸರಪಟ್ಟು ಎಳೆದು ತುಂಡಾದರೆ ಕಾಲು ಬಾತು ಕೀವಾಗುವುದು. ಉರಿ ತಾಳಲಾರದೆ ಅವನು ಮತ್ತೆ ಅದೇ ಬಾವಿಯ ನೀರಿಗೆ ಕಾಲಿಟ್ಟರೆ, ಹುಳು ಅಲ್ಲಿ ಸಾವಿರಾರು ಮರಿಗಳನ್ನು ಬಿಡುವುದು. ಹೀಗೆ ಬಾವಿಯಿಂದ ಮನುಷ್ಯನಿಗೆ, ಮನುಷ್ಯನಿಂದ ಬಾವಿಗೆ ಸುತ್ತುತ್ತಲೇ ಇತ್ತು. ಸುಗ್ಗಿಯ ಹೊತ್ತಿಗೆ ಮನೆಯ ದುಡಿಯುವ ಗಂಡಾಳು ಮಲಗಿದನೆಂದರೆ ಆ ವರ್ಷದ ಬಾಳುವೆಯೇ ಮುಗಿದಂತೆ.

ಇದನ್ನು ನಾಡಿನಿಂದ ಓಡಿಸಲು 1983-84ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ರೋಗವಿದ್ದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಮಾಡಿದ್ದು ಏನೆಂದರೆ ಬಹಳ ಸರಳವಾದ ಕೆಲಸ. ಮೆಟ್ಟಿಲ ಬಾವಿಗಳನ್ನು ಮುಚ್ಚಿ ಅಥವಾ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು, ಬೋರ್‌ವೆಲ್ ಕೊರೆದರು, ನೀರಿಗೆ ಔಷಧ ಹಾಕಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆ ಮನೆಗೆ ಹೋಗಿ ಹೇಳಿದರು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತವೆಂದು ಸಾರಿತು. ಒಂದು ಲಸಿಕೆಯಿಲ್ಲದೆ, ಒಂದು ಗುಳಿಗೆಯಿಲ್ಲದೆ, ಬಟ್ಟೆಯ ತುಂಡು ಮತ್ತು ಹೇಳುವವರ ಬಾಯಿಯಿಂದ ಹೋದ ರೋಗವಿದು. ಆ ಹೇಳುವವರ ಹೆಸರು ಎಲ್ಲಿಯೂ ಬರೆದಿಲ್ಲ. ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದ ಆರೋಗ್ಯ ಇಲಾಖೆಯ ನೌಕರನೊಬ್ಬನನ್ನು 'ಬಾವಿ ಕೆಡಿಸಾಕ ಬಂದಾನ' ಎಂದು ಊರವರು ಅಟ್ಟಿಸಿದ್ದನ್ನು ಆ ಹಿರಿಯರೇ ನಾಚಿಕೆಯಿಂದ ನೆನೆದರು.

ಸಿಡುಬೂ ಹಾಗೆಯೇ. ಮುಖದ ಮೇಲೆ ಕಲೆಯಿದ್ದ ಹಿರಿಯರು ಒಂದು ಕಾಲಕ್ಕೆ ಪ್ರತಿ ಓಣಿಯಲ್ಲಿಯೂ ಇದ್ದರು. 1975ರ ನಂತರ ಈ ದೇಶದ ಯಾವ ಕೂಸಿನ ಮುಖದ ಮೇಲೂ ಅದು ತನ್ನ ಗುರುತು ಬರೆದಿಲ್ಲ. ನಮಗೆ ಬಂದದ್ದಕ್ಕೆ ಕೃತಜ್ಞರಾಗುವುದು ಸುಲಭ. ಬಾರದೆ ಹೋದದ್ದಕ್ಕೆ ಕೃತಜ್ಞರಾಗಲು ಸ್ವಲ್ಪ ತಿಳಿವಳಿಕೆ ಬೇಕಾಗುತ್ತದೆ.

ನಮ್ಮ ಹಿರಿಯರಿಗೆ ಈ ತಿಳಿವಳಿಕೆ ಇತ್ತು. 'ಧನ್ಯವಾದ' ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿಲ್ಲ. ಅದು ಸಭೆಯ ಕೊನೆಯ ಮಾತು; ವಂದನಾರ್ಪಣೆ ಶುರುವಾದೊಡನೆ ಜನ ಚಪ್ಪಲಿ ಹುಡುಕಲು ಏಳುತ್ತಾರೆ. ಉಂಡವರು 'ನಿಮ್ಮ ಹೊಟ್ಟಿ ತಣ್ಣಗಿರಲಿ' ಎನ್ನುತ್ತಾರೆ, ಹೆಚ್ಚೆಂದರೆ 'ದೊಡ್ಡ ಉಪಕಾರ ಆತು' ಎನ್ನುತ್ತಾರೆ. ಮಾತಿಗಿಂತ ಹೆಚ್ಚಾಗಿ ಅದನ್ನು ನಡೆಯಲ್ಲಿ ತೋರಿದ ಜನ ನಾವು. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುತ್ತೇವೆ. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಾವು ಉಣ್ಣುವ ಮೊದಲು ಬೆಳೆಗೆ ಚರಗ ಚೆಲ್ಲುತ್ತೇವೆ. ಆಯುಧ ಪೂಜೆಯ ದಿನ ಕುಡುಗೋಲಿಗೂ ಕುಂಕುಮ. ಈಗ ಟ್ರ್ಯಾಕ್ಟರಿಗೂ ಮೋಟಾರ್ ಸೈಕಲ್ಲಿಗೂ ಹಚ್ಚುತ್ತಾರೆ. ನಗುವವರು ನಗಲಿ, ಅದರಲ್ಲೇನೂ ತಪ್ಪಿಲ್ಲ. ಮಠಗಳ ದಾಸೋಹದಲ್ಲಿ ತಟ್ಟೆಯಲ್ಲಿ ಒಂದಗುಳು ಬಿಡಬಾರದೆಂದು ಮಕ್ಕಳಿಗೆ ಕಲಿಸುವುದೂ ಇದೇ ಪಾಠ. ಪದಾರ್ಥವಾಗಿ ಬಂದದ್ದು ಪ್ರಸಾದವಾಗುವುದು ತೆಗೆದುಕೊಳ್ಳುವವನ ಭಾವದಿಂದ.

ಆದರೆ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಇದ್ದುದರಲ್ಲಿ ತೃಪ್ತಿಪಡು ಎಂಬ ಉಪದೇಶವನ್ನು ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳುವ ಪದ್ಧತಿಯೊಂದು ನಮ್ಮಲ್ಲಿ ಬೆಳೆದಿದೆ. ಅದು ಧರ್ಮವಲ್ಲ, ಜಾಣತನ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಇದಕ್ಕಾಗಿ ಬಳಸುವವರಿದ್ದಾರೆ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ಅಲ್ಲಿಯೇ ಹಾಕಿ ಬಾ ಎಂದು ಹಿಂದಕ್ಕೆ ಕಳಿಸಿದಳು. ಸರಿಯೇ. ಆದರೆ ಲಕ್ಕಮ್ಮ ಹಿಂದಿರುಗಿಸಿದ್ದು ತನ್ನ ಮನೆಗೆ ಬಂದ ಅಕ್ಕಿಯನ್ನು. ನೆರೆಮನೆಯವಳಿಗೆ 'ನಿನಗಿಷ್ಟು ಸಾಕು' ಎಂದು ಆಕೆ ಹೇಳಲಿಲ್ಲ. ತೃಪ್ತಿ ತನಗೆ ತಾನೇ ಹೇಳಿಕೊಳ್ಳುವ ಮಾತು, ಇನ್ನೊಬ್ಬರ ಬಾಯಿ ಮುಚ್ಚಿಸುವ ಬಟ್ಟೆಯಲ್ಲ.

ಅಂದು ಆ ಮನೆಯಲ್ಲಿಯೂ ಚರ್ಚೆ ಇಲ್ಲಿಗೇ ಬಂತು. ಮೊಮ್ಮಗ ಸುಮ್ಮನಾಗುವ ಹುಡುಗನಲ್ಲ. 'ನಾರುಹುಣ್ಣು ಹೋತು ಅಂತ ಎಂಟು ದಿನ ಕಾಯಬೇಕೇನು?' ಎಂದು ನನ್ನ ಕಡೆಗೆ ತಿರುಗಿದ. 'ನೀವ ಹೇಳ್ರಿ ಮಾಸ್ತರ್ರ.' ಅವನು ಕೇಳಿದ್ದರಲ್ಲಿ ತಪ್ಪಿಲ್ಲವೆಂದು ನಾನು ಒಪ್ಪಿಕೊಂಡೆ. ಮುದುಕರು ಹೇಳಿದ್ದರಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ನೀರು ಬಿಡುವವನು ನಳ ನಿಲ್ಲಿಸಿ ಆ ದಾರಿಯಲ್ಲಿಯೇ ಬಂದ. ನಸುಕಿನಲ್ಲೆದ್ದು ಓಣಿಯಿಂದ ಓಣಿಗೆ ವಾಲ್ವ್ ತಿರುಗಿಸುತ್ತ ಹೋಗುವವನು. ಎಲ್ಲ ಓಣಿಯವರ ಬೈಗುಳವೂ ಅವನಿಗೇ. ಮುದುಕರು ಅವನನ್ನು ಕರೆದು ಕಟ್ಟೆಯ ಮೇಲೆ ಕೂಡ್ರಿಸಿ ಚಹಾ ತರಿಸಿದರು. ಮಾತಿಗೆ ಮಾತು ಬಂದು, ಅವನಿಗೆ ಐದು ತಿಂಗಳಿನಿಂದ ಪಗಾರ ಆಗಿಲ್ಲವೆಂಬುದು ಹೊರಬಿತ್ತು. ಅವನು ಅದನ್ನು ದೂರಿನಂತೆ ಹೇಳಲಿಲ್ಲ. 'ಊರ ಮಂದಿ ನೀರ ಇಲ್ದ ಕೂಡಬಾರದಲ್ಲರಿ' ಎಂದಷ್ಟೇ ಅಂದು ಬಟ್ಟಲು ಕೆಳಗಿಟ್ಟು ಎದ್ದು ಹೋದ.

ಕಟ್ಟೆಯ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ನೀರನ್ನು ಕಣ್ಣಿಗೆ ಒತ್ತಿಕೊಂಡ ಮುದುಕರಿಗೂ, ನೀರು ಸಾಲದೆಂದು ಬೈದ ಹುಡುಗನಿಗೂ, ಅತಿಥಿಯಾಗಿ ಬಂದು ಆ ನೀರಿನಲ್ಲಿ ಸ್ನಾನ ಮಾಡಿದ್ದ ನನಗೂ ಅಲ್ಲಿಯ ತನಕ ಅವನ ನೆನಪೇ ಆಗಿರಲಿಲ್ಲ.

ಮಧ್ಯಾಹ್ನ ಮೊಮ್ಮಗ ಪಂಚಾಯಿತಿಗೆ ಒಂದು ಅರ್ಜಿ ಬರೆದ. ಕೈಬರಹ ಚೆನ್ನಾಗಿತ್ತು. ನೀರು ಬಿಡುವವನ ಬಾಕಿ ಪಗಾರ ಮೊದಲನೆಯ ಕಲಮು, ಎಂಟು ದಿನದ ಬದಲು ನಾಲ್ಕು ದಿನಕ್ಕೊಮ್ಮೆ ನೀರು ಎರಡನೆಯದು. ಕೆಳಗೆ ಮೊದಲ ಗುರುತು ಮುದುಕರ ಹೆಬ್ಬೆಟ್ಟು. ಆಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಹಿ ಮಾಡಿದರು. ಬೆಳಿಗ್ಗೆ ಕೊಡಕ್ಕಾಗಿ ಜಗಳಾಡಿದ ಇಬ್ಬರೂ ಅದರಲ್ಲಿದ್ದರು. ಐದು ತಿಂಗಳಲ್ಲಿ ಮೂರು ತಿಂಗಳ ಪಗಾರ ಕೈಗೆ ಬಂದಿದೆಯೆಂದು ಹುಡುಗ ಮೊನ್ನೆ ಫೋನು ಮಾಡಿ ತಿಳಿಸಿದ. ನೀರು ಇನ್ನೂ ಎಂಟು ದಿನಕ್ಕೊಮ್ಮೆಯೇ ಬರುತ್ತಿದೆಯಂತೆ.