ರೋಗಕ್ಕೆ ಕಾನೂನು ಅದ, ಕೈಯಾಗ ಕಾಗದ ಇಲ್ಲ

1/6
ಈ ಸಲದ ಮಾತು ನಮ್ಮ ತಲಿ ಮ್ಯಾಲಿನ ಸಿಮೆಂಟ್ ಪತ್ರಾದ್ದು. ಅದರ ಕೆಳಗ ಮಲಗೋರಿಗಿಂತ ಹೆಚ್ಚಾಗಿ, ಅದನ್ನ ಕಾರ್ಖಾನೆಯಾಗ ತಯಾರು ಮಾಡಿದವರು, ಕೊಯ್ದವರು, ತೂತು ಹೊಡೆದು ಕೂಡಿಸಿದವರ ಬಗ್ಗೆ ಹೇಳ್ತೀನಿ.

ಈ ಪತ್ರಾದೊಳಗೆ ಸಿಮೆಂಟಿನ ಜೊತೆ ಆಸ್ಬೆಸ್ಟಾಸ್ ಎಂಬ ಖನಿಜದ ನಾರು ಸೇರಿರುತ್ತದೆ. ಕೊಯ್ಯುವಾಗ, ಒಡೆಯುವಾಗ ಏಳುವ ಧೂಳಿನಲ್ಲಿ ಆ ನಾರು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಳಗೆ ಹೋಗಿ ಶ್ವಾಸಕೋಶದಲ್ಲೇ ಕೂತುಬಿಡುತ್ತದೆ. ಮುಂದೆ ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್ ಬರಬಹುದು, ಶ್ವಾಸಕೋಶದ ಕ್ಯಾನ್ಸರ್ ಬರಬಹುದು, ಅದರ ಸುತ್ತಲಿನ ಪೊರೆಯ ಕ್ಯಾನ್ಸರ್ ಮೀಸೋಥೀಲಿಯೋಮಾ ಬರಬಹುದು. ಆದರೆ ರೋಗ ಕಾಣಿಸೋದು ಯಾವಾಗ? 20, 30, ಕೆಲವೊಮ್ಮೆ 40 ವರ್ಷ ಕಳೆದ ಮೇಲೆ! ಅಷ್ಟೊತ್ತಿಗೆ ಕೆಲಸ ಬಿಟ್ಟು ಊರಿಗೆ ಬಂದಿರ್ತಾರ. ಗುತ್ತೇದಾರನ ಹೆಸರೂ ಮರೆತಿರ್ತದ.

2/6
"ಬಡವರಿಗೆ ಎಲ್ಲಿ ಕಾನೂನು" ಅಂತೀವಲ್ಲ, ಇಲ್ಲಿ ಕಾನೂನು ಅದ. ಒಂದಲ್ಲ, ಹಲವು.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಆಸ್ಬೆಸ್ಟೋಸಿಸ್ ಇತ್ತು. ಇಂಥ ರೋಗಿ ಕಂಡರೆ ವೈದ್ಯರು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ವರದಿ ಮಾಡಲೇಬೇಕಿತ್ತು. ಮಾಡದಿದ್ದರೆ ಆ ಕಾಯ್ದೆಯಲ್ಲಿ ಎಷ್ಟು ದಂಡ ಇತ್ತು ಗೊತ್ತಾ? ಹೆಚ್ಚೆಂದರೆ 1,000 ರೂಪಾಯಿ. 1923ರ ಪರಿಹಾರ ಕಾಯ್ದೆ ಆಸ್ಬೆಸ್ಟೋಸಿಸ್ ಅನ್ನು ಕೆಲಸದಿಂದ ಬರುವ ರೋಗವೆಂದು ಒಪ್ಪಿತ್ತು. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಂಥ ರೋಗಗಳ ಪಟ್ಟಿ ಉಳಿದಿದೆ. ಇಎಸ್‌ಐ ಇದ್ದವರಿಗೆ ಪರಿಹಾರ ಇಎಸ್‌ಐ ಮೂಲಕ, ಇಲ್ಲದವರು ಸಕ್ಷಮ ಪ್ರಾಧಿಕಾರದ ಮುಂದೆ ಹೋಗಬೇಕು.

ನಮ್ಮ ಕಡೆಯವರು ಗಟ್ಟಿಯಾಗಿ ನೆನಪಿಡಬೇಕಾದ ಎರಡು ಮಾತು ಆ 1923ರ ಕಾಯ್ದೆಯಲ್ಲೇ ಬಂದವು. ಒಂದು, ಗುತ್ತೇದಾರ ಕೈಕೊಟ್ಟರೂ ಮೂಲ ಮಾಲೀಕನಿಂದ ಪರಿಹಾರ ಕೇಳಬಹುದು. ಎರಡು, ಕೆಲಸ ಹೈದರಾಬಾದಿನಲ್ಲಿ ಮಾಡಿದ್ದರೂ ಅರ್ಜಿಯನ್ನು ತಾನು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ಕಮಠಾಣದ ಮನುಷ್ಯ ಬೀದರದಾಗೇ ಕೇಳಬಹುದು ಅಂದಂಗಾಯ್ತು.

3/6
ಇದರ ಮೇಲೆ ಸುಪ್ರೀಂ ಕೋರ್ಟಿನ ತೀರ್ಪೂ ಇದೆ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಆಸ್ಬೆಸ್ಟಾಸ್ ಕಾರ್ಮಿಕರ ಪರವಾಗಿ 1986ರಲ್ಲಿ ಅರ್ಜಿ ಹಾಕಿತು. ತೀರ್ಪು ಬಂದದ್ದು 1995ರ ಜನವರಿ 27ಕ್ಕೆ. ಕಾರ್ಮಿಕನ ಆರೋಗ್ಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿವರೆಗೆ ಇಡಬೇಕು ಅಂದಿತು. ಆ ಪ್ರಕರಣದಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರೋಗ ಇದೆ ಅಂತ ದೃಢಪಡಿಸಿದವರಿಗೆ ತಲಾ 1 ಲಕ್ಷ ರೂಪಾಯಿ ಕೊಡಲು ಆದೇಶಿಸಿತು.

40 ವರ್ಷ ಯಾಕೆ? ಈ ರೋಗ ಎಷ್ಟು ನಿಧಾನ ಅಂತ ನ್ಯಾಯಾಧೀಶರಿಗೆ ಅರ್ಥ ಆಗಿತ್ತು. ಆದರೆ ದಿನಗೂಲಿಯವನ ಹೆಸರು ಹಾಜರಿ ಪುಸ್ತಕಕ್ಕೇ ಏರದಿದ್ದರೆ 40 ವರ್ಷ ಇಡೋದು ಏನನ್ನ? ನನ್ನ ತಕರಾರು ಇಲ್ಲೇ ಅದ. ದುಡಿದದ್ದಕ್ಕೆ ಪುರಾವೆ ತಯಾರು ಮಾಡೋ ಪೆನ್ನು ಮಾಲೀಕನ ಕೈಯಾಗ, ಆ ಪುರಾವೆ ತೋರಿಸೋ ಹೊರೆ ಮಾತ್ರ ರೋಗಿಯ ತಲಿ ಮ್ಯಾಲ. ಇದು ಸರಿ ಅಲ್ಲ.

4/6
"ಪತ್ರಾ ಬಡವರ ಮಾಳಿಗಿ, ಅಗ್ಗ, ಬಾಳಿಕಿ ಬರ್ತದ, ಅದಕ್ಕ ಅಡ್ಡ ಬರಬ್ಯಾಡ್ರಿ" ಅಂತ ಕಮೆಂಟ್ ಬರ್ತದ, ಗೊತ್ತು. ಬ್ರಿಟನ್ 1999ರಲ್ಲೇ ನಿಷೇಧಿಸಿತು. ನಮ್ಮಲ್ಲಿ ಬಳಕೆಗೆ ನಿಷೇಧ ಇಲ್ಲ, ಆ ವಾದ ಬೇರೆ. ಆದರೆ ಅಗ್ಗದ ಪತ್ರಾದ ಬೆಲೆಯಲ್ಲಿ ಅದನ್ನು ಮಾಡಿದವನ ಉಸಿರಿನ ಲೆಕ್ಕ ಸೇರಿಲ್ಲ ಅಂದರೆ, ಆ ಬಾಕಿ ಯಾರೋ ಕಟ್ಟುತ್ತಿದ್ದಾರೆ ಅಂತಲೇ ಅರ್ಥ. ಸದ್ಯಕ್ಕೆ ಕಟ್ಟುತ್ತಿರೋದು ಅವನ ಹೆಂಡ್ತಿ ಮಕ್ಕಳು.

ಹೊರಗಿನ ಕೋರ್ಟುಗಳು ಈ ಗಂಟನ್ನು ಬಿಚ್ಚಿವೆ. ಹಲವು ಕಡೆ ದುಡಿದವನು "ಯಾವ ಮಾಲೀಕನ ಧೂಳಿನಿಂದ ರೋಗ ಬಂತು" ಅಂತ ತೋರಿಸಲಾಗದಿದ್ದರೂ ಪರಿಹಾರ ತಪ್ಪಬಾರದು ಅಂತ 2002ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಫೇರ್‌ಚೈಲ್ಡ್ ಪ್ರಕರಣ ಅಂತ ಹೆಸರು, ಕಾನೂನು ಓದೋರು ಹುಡುಕಿ ಓದ್ರಿ.

5/6
ಅಷ್ಟು ದೂರ ಯಾಕೆ? ಕೋಲಾರದ ಚಿನ್ನದ ಗಣಿಯವರಿಗೆ ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಬಂದಾಗ, ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮ ಮಾಡಿತ್ತು. ರಾಜಸ್ಥಾನ 2019ರಲ್ಲಿ ಧೂಳಿನ ಶ್ವಾಸಕೋಶ ರೋಗಗಳಿಗೇ ಒಂದು ನೀತಿ ತಂದಿತು. ಸರ್ಕಾರಿ ವೈದ್ಯರ ಮಂಡಳಿ ರೋಗ ಪ್ರಮಾಣೀಕರಿಸಿದರೆ 3 ಲಕ್ಷ ರೂಪಾಯಿ, ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ದುಡ್ಡು ಸರ್ಕಾರದಿಂದ ಬರೋದರಿಂದ ಹಳೇ ಮಾಲೀಕನ ಬೆನ್ನು ಹತ್ತಿ ಅಲೆಯೋದು ಬೇಕಿಲ್ಲ.

ಕರ್ನಾಟಕ ಇದನ್ನೇ ಮಾಡಬೇಕು, ಆಸ್ಬೆಸ್ಟೋಸಿಸ್ ಅನ್ನೂ ಸೇರಿಸಿ. ಮೊದಲು ರೋಗಿಗೆ ಹಣ ಸೇರಲಿ. ಆಮೇಲೆ ಮಾಲೀಕರಿಂದ ವಸೂಲಿ ಮಾಡೋ ಕೆಲಸ ಸರ್ಕಾರದ್ದು. ಅದಕ್ಕೆ ವಕೀಲರೂ ಇದ್ದಾರೆ, ವಯಸ್ಸೂ ಇದೆ. ರೋಗಿಗೆ ಎರಡೂ ಇಲ್ಲ.

6/6
ಸರ್ಕಾರ ಏಳೋತನಕ ನಾವು ಸುಮ್ಮನೆ ಕೂಡೋದು ಬ್ಯಾಡ. ಫೋನ್ ಎಲ್ಲರ ಕೈಯಾಗೂ ಅದ. ಅಪ್ಪನೋ ಕಾಕಾನೋ ಮಾವನೋ ಪತ್ರಾ ಕಾರ್ಖಾನೆ, ಬ್ರೇಕ್ ಲೈನಿಂಗ್, ಬಾಯ್ಲರ್ ಪೈಪಿನ ಕೆಲಸ, ಹಳೇ ಕಟ್ಟಡ ಒಡೆಯೋ ಕೆಲಸ ಮಾಡಿದ್ದರೆ ಪಕ್ಕದಲ್ಲಿ ಕೂತು ಕೇಳ್ರಿ: ಯಾವ ಊರು, ಯಾವ ವರ್ಷದಿಂದ ಯಾವ ವರ್ಷ, ಗುತ್ತೇದಾರ ಯಾರು, ಜೊತಿಗೆ ಯಾರಿದ್ರು. ಬರೆದಿಡ್ರಿ. ಗೇಟ್ ಪಾಸ್, ಇಎಸ್‌ಐ ಕಾರ್ಡ್, ಪಿಎಫ್ ನಂಬರ್, ಪಗಾರ ಚೀಟಿ, ಏನೇ ಸಿಕ್ಕರೂ ಫೋಟೋ ತೆಗೆದಿಡ್ರಿ.

ದಮ್ಮು, ಒಣ ಕೆಮ್ಮು ಇದ್ದು ಬ್ರಿಮ್ಸ್‌ಗೆ ಹೋದರೆ "ಮೊದಲು ಈ ಕೆಲಸ ಮಾಡ್ತಿದ್ರು ಡಾಕ್ಟ್ರೇ, ಚೀಟಿ ಮ್ಯಾಲ ಬರೀರಿ" ಅಂತ ನೀವೇ ಹೇಳ್ರಿ. ರೋಗಿಗೆ "ನಿನ್ನ ಕೆಲಸ ಏನು" ಅಂತ ಕೇಳಬೇಕು ಅಂತ ಇಟಲಿಯ ವೈದ್ಯ ರಮಾಜ್ಜಿನಿ ಮುನ್ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದ. ಟಿಬಿ ಅಂತಲೇ ಚಿಕಿತ್ಸೆ ನಡೆದು ಕೆಲಸದ ಮಾತೇ ದಾಖಲಾಗದಿದ್ದರೆ ಮುಂದೆ ಯಾವ ವಕೀಲನೂ ಏನೂ ಮಾಡಲಾರ. ರೋಗ ಗೊತ್ತಾದ ಮೇಲೆ ಅರ್ಜಿಗೂ ಗಡುವು ಇರ್ತದ, ತಡ ಮಾಡಬ್ಯಾಡ್ರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕಾರ್ಮಿಕರಿಗೆ ಉಚಿತ ವಕೀಲರನ್ನ ಕೊಡ್ತದ.

ಹೈದರಾಬಾದ್ ಬಸ್ಸಿಗೆ ಹತ್ತೋ ತಮ್ಮನಿಗೂ ಇದನ್ನ ಕಳಿಸ್ರಿ. ಅವನು ಮೊದಲ ಪಗಾರದ ದಿನದಿಂದಲೇ ಕಾಗದ ಕೂಡಿಡಲಿ.

#ಕಮಠಾಣ #ಬೀದರ್ #ಕಾರ್ಮಿಕರಹಕ್ಕು #ಆಸ್ಬೆಸ್ಟಾಸ್