ಅಡುಗೆ ಕಟ್ಟೆಗೆ ಯಾವ ಕಲ್ಲು?



ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಸೀಮೆಯಲ್ಲಿ ಭತ್ತದ ಬೆಳೆ ನೆಲೆಗೊಂಡ ಮೇಲೆ ಜವಳಗೇರಾದಂತಹ ಊರುಗಳಲ್ಲಿಯೂ ಮಣ್ಣಿನ ಮಾಳಿಗೆಗಳ ಜಾಗದಲ್ಲಿ ಆರ್‌ಸಿಸಿ ಮನೆಗಳು ಎದ್ದಿವೆ. ನೆಲದ ಮೇಲಿದ್ದ ಒಲೆ ಕಟ್ಟೆಯನ್ನೇರಿದೆ. ಆ ಕಟ್ಟೆಗೆ ಯಾವ ಕಲ್ಲು ಹಾಕಿಸಬೇಕೆಂದು ಮನೆ ಕಟ್ಟಿಸುವವರು ನಮ್ಮನ್ನು ಕೇಳುವುದುಂಟು. ಈ ಸಲ ಅದನ್ನೇ ವಿಚಾರ ಮಾಡೋಣ.

ಜವಳಗೇರಾದ ನಮ್ಮ ಪರಿಚಯದ ಮನೆಯೊಂದರಲ್ಲಿ ಅಡುಗೆ ಕಟ್ಟೆಗೆ ಹಾಲುಬಿಳುಪಿನ ಅಮೃತಶಿಲೆ ಹಾಕಿಸಿದ್ದರು. ಗುರುಪ್ರವೇಶದ ದಾಸೋಹದ ದಿನ ಚಿತ್ರಾನ್ನಕ್ಕೆ ಹಿಂಡಿದ ನಿಂಬೆ ಹೋಳುಗಳು ರಾತ್ರಿಯೆಲ್ಲ ಕಟ್ಟೆಯ ಮೇಲೆಯೇ ಉಳಿದವು. ಬೆಳಗಾಗುವಷ್ಟರಲ್ಲಿ ಅಲ್ಲಲ್ಲಿ ಮಂಕಾದ ವೃತ್ತಗಳು ಮೂಡಿದ್ದವು. “ಒರೆಸುವುದನ್ನೂ ಅರಿಯಳು” ಎಂದು ಅತ್ತೆಯವರು ಹೊಸ ಸೊಸೆಯ ಮೇಲೆ ಮುನಿದರು. ಆಕೆ ಹಿತ್ತಾಳೆ ಬೆಳಗುವಂತೆ ನಿಂಬೆಹುಳಿಯಿಂದಲೇ ಕಟ್ಟೆಯನ್ನು ತಿಕ್ಕಿದಳು. ಮಂಕು ಮತ್ತಷ್ಟು ಹರಡಿತು. ಮನೆಯಲ್ಲಿ ಮಾತು ಬೆಳೆಯಿತು.

ತಪ್ಪು ಸೊಸೆಯದಲ್ಲ. ಅಮೃತಶಿಲೆಯ ಮುಖ್ಯ ದ್ರವ್ಯ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿರುವುದೇ. ಹುಳಿ ತಾಗಿದೊಡನೆ ಅದರ ಮೇಲ್ಪದರ ಕರಗಿ ಹೊಳಪು ಹೋಗುತ್ತದೆ. ನಿಂಬೆ, ಹುಣಸೆ, ಮಜ್ಜಿಗೆ, ಪುಂಡಿಪಲ್ಯ ಎಲ್ಲವೂ ಹುಳಿಯೇ. ತಾಜಮಹಲಿನ ಮಕರಾಣಾ ಶಿಲೆಯನ್ನು ಗಂಧಕದ ಹೊಗೆಯಿಂದ ಕಾಪಾಡಲೆಂದೇ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 30ರಂದು ಆ ಪರಿಸರದ ಕಾರ್ಖಾನೆಗಳಲ್ಲಿ ಕಲ್ಲಿದ್ದಲಿನ ಬಳಕೆಯನ್ನು ನಿಲ್ಲಿಸಲು ಆದೇಶಿಸಿತು.

ನಮ್ಮಲ್ಲಿ ಬಳಕೆಯಲ್ಲಿರುವ ಶಹಾಬಾದ್ ಫರಸಿಯೂ ಕರಿಯ ಕಡಪಾ ಕಲ್ಲೂ ಸುಣ್ಣದ ಕಲ್ಲುಗಳೇ. ಹುಳಿಗೆ ಅವೂ ಮಣಿಯುತ್ತವೆ. ನಮಗೆ ಸಮೀಪದ ಇಳಕಲ್ಲಿನ ಕೆಂಪು ಗ್ರಾನೈಟು ಬೇರೆ ಜಾತಿಯದು. ಅಡುಗೆಮನೆಯ ಹುಳಿ ಅದನ್ನು ಕೆಡಿಸದು.

ಆದ್ದರಿಂದ ಕೊಳ್ಳುವ ಮುನ್ನ ಪರೀಕ್ಷಿಸಬೇಕು. ನೀವು ಆರಿಸಿದ ಕಲ್ಲಿನದೇ ಹೊಳಪು ಮಾಡಿದ ತುಂಡೊಂದನ್ನು ಅಂಗಡಿಯಿಂದ ಕೇಳಿ ತನ್ನಿರಿ. ಮೊದಲು ಒಂದು ಹನಿ ನೀರು ಬಿಟ್ಟು 15 ನಿಮಿಷ ನೋಡಿರಿ. ಆ ಜಾಗ ಕಪ್ಪಾದರೆ ಕಲ್ಲು ನೀರು ಕುಡಿಯುತ್ತದೆಂದು ತಿಳಿಯಬೇಕು. ನಂತರ ನಿಂಬೆರಸ, ಹುಣಸೆನೀರು, ಮೊಸರು, ಚಹಾ, ಅರಿಷಿಣ ಕಲಸಿದ ಎಣ್ಣೆ ಇವುಗಳನ್ನು ಬೇರೆಬೇರೆಯಾಗಿ ಎರಡೆರಡು ಕಡೆ ಹಚ್ಚಿರಿ. ಒಂದನ್ನು 10 ನಿಮಿಷಕ್ಕೆ, ಇನ್ನೊಂದನ್ನು ಮರುದಿನ ಬೆಳಿಗ್ಗೆ ಬರಿಯ ನೀರಿನಿಂದ ತೊಳೆದು ಒಣಗಿಸಿರಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಬೆರಳಾಡಿಸಿರಿ. ಬಣ್ಣ ಬದಲಾಗಿ ಹೊಳಪು ಉಳಿದಿದ್ದರೆ ಅದು ಕಲೆ. ಬಣ್ಣ ಹಾಗೆಯೇ ಇದ್ದು ಹೊಳಪು ಹೋಗಿದ್ದರೆ ಅದು ಹುಳಿ ತಿಂದ ಗುರುತು.

ಈ ಭೇದವನ್ನು ಅರಿತರೆ ಉಪಾಯವೂ ತಿಳಿಯುತ್ತದೆ. ಕಲೆಯನ್ನು ಹೊರಗೆಳೆಯಬಹುದು: ಮುಲ್ತಾನಿ ಮಣ್ಣನ್ನು ನೀರಿನಲ್ಲಿ ಕಲಸಿ ದಪ್ಪವಾಗಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಂದು ದಿನದ ಬಳಿಕ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಬೇಕು. ತಾಜಮಹಲಿನ ಹಳದಿಯನ್ನು ತೆಗೆಯಲೂ ಪುರಾತತ್ತ್ವ ಇಲಾಖೆಯವರು ಇದೇ ಮಣ್ಣಿನ ಲೇಪ ಬಳಸಿದ್ದಾರೆ. ಹುಳಿ ತಿಂದುದಕ್ಕೆ ಲೇಪವಿಲ್ಲ. ಮತ್ತೆ ಪಾಲಿಶ್ ಮಾಡಿಸುವುದೇ ದಾರಿ. ಅಂಗಡಿಯವರು ಹೇಳುವ ‘ಸೀಲರ್’ ಎಣ್ಣೆ, ಬಣ್ಣ ಇಳಿಯುವುದನ್ನು ತಡೆದೀತೇ ಹೊರತು ಹುಳಿಯನ್ನು ತಡೆಯದು. ಇಂತಹ ಕಟ್ಟೆಯನ್ನು ಆಸಿಡ್, ನಿಂಬೆಹುಳಿ, ವಿನೆಗರ್‌ಗಳಿಂದ ಎಂದೂ ತೊಳೆಯಬಾರದು.

ಅಮೃತಶಿಲೆಯೇ ಬೇಕೆನ್ನುವವರು ಅದನ್ನು ದೇವರ ಮನೆಗೆ ಹಾಕಿಸಲಿ. ಅಡುಗೆ ಕಟ್ಟೆಗೂ ಅದೇ ಆಗಬೇಕೆಂದರೆ ಹೊಳಪು ಕಡಿಮೆ ಇರುವುದನ್ನು ಆರಿಸಿದರೆ ಗುರುತುಗಳು ಅಷ್ಟಾಗಿ ಕಾಣವು.

ನಾವು ಆ ಮನೆಗೆ ಹೋದಾಗ ಹಿತ್ತಲಲ್ಲಿ ಗೌಂಡಿ ಬಿಟ್ಟುಹೋಗಿದ್ದ ಅದೇ ಕಲ್ಲಿನ ತುಂಡನ್ನು ತರಿಸಿ, ಅತ್ತೆಯವರ ಕೈಯಿಂದಲೇ ಅದರ ಮೇಲೆ ನಿಂಬೆರಸ ಹಿಂಡಿಸಿದೆವು. ಚಹಾ ಕುಡಿದು ಮುಗಿಸಿ ತೊಳೆದು ನೋಡಿದರೆ ಅದೇ ಮಂಕು ವೃತ್ತ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಮೇಲೆ ಸುಮ್ಮಸುಮ್ಮನೆ ಸಿಟ್ಟಾದೆನವ್ವಾ” ಎಂದು ಸೊಸೆಯನ್ನು ಹತ್ತಿರ ಕರೆದರು. ಕಟ್ಟೆಯ ಮೇಲಿನ ಗುರುತುಗಳು ಇಂದಿಗೂ ಇವೆ. ಅವುಗಳ ಮಾತು ಆ ಮನೆಯಲ್ಲಿ ಮತ್ತೆ ಬಂದಿಲ್ಲ.