ಲೋಹದ ವಾದ್ಯಕ್ಕೆ ಗಮಕ ಕಲಿಸಿದವರು

2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥ್ ತೀರಿಕೊಂಡರು. ಅಂದು ಎಲ್ಲರ ಬಾಯಲ್ಲೂ ಬಂದದ್ದು ‘ಡ್ಯುಯೆಟ್’ ಸಿನಿಮಾ, 2004ರ ಪದ್ಮಶ್ರೀ, ಜಾಝ್ ಕಲಾವಿದರೊಂದಿಗಿನ ಜುಗಲ್‌ಬಂದಿ. ಅವೆಲ್ಲ ನಿಜವೇ. ಆದರೆ ಅವರ ಅಸಲು ಸಾಧನೆ ಅದಲ್ಲ. ಜಾಝ್‌ಗಾಗಿಯೇ ಹುಟ್ಟಿದಂತೆ ಕಾಣುವ ವಾದ್ಯವನ್ನು ಹಿಡಿದು, ಜಾಝ್ ವೇದಿಕೆಗಳನ್ನೇ ಹತ್ತಿ, ಕೊನೆಯವರೆಗೂ ಕರ್ನಾಟಕ ಸಂಗೀತವನ್ನೇ ನುಡಿಸಿದ್ದು ಅವರ ದೊಡ್ಡತನ. ಈ ಮಾತನ್ನು ನಾವು ಸಾಕಷ್ಟು ಹೇಳಿಲ್ಲ.

ಗೋಪಾಲನಾಥ್ ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನಿಗೆ ಮೊದಲ ಪಾಠ ಅವರದೇ. ಹುಡುಗ ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತ. ಆ ಬ್ಯಾಂಡ್ ಅಲ್ಲಿದ್ದದ್ದು ಆಕಸ್ಮಿಕವೇನಲ್ಲ. ಜರ್ಮನಿಯ ಆಟೋ ಶ್ಮಿಟ್ ಅವರಂಥವರಿಂದ ಅರಮನೆಯ ವಾದ್ಯವೃಂದ ತರಬೇತಿ ಪಡೆದಿತ್ತು. ಜಯಚಾಮರಾಜ ಒಡೆಯರ್ ರಷ್ಯಾದ ಸಂಗೀತಕಾರ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಲಂಡನ್ನಿನಲ್ಲಿ ಹಣ ಒದಗಿಸಿದ ದೊರೆ. ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರೂ ಇದೇ ಆಸ್ಥಾನದ ವಿದ್ವಾಂಸರು. ಹೊರಗಿನ ವಾದ್ಯವನ್ನು ಒಳಗೆ ಕರೆದು ಕೂರಿಸುವ ಧೈರ್ಯ ಈ ಸೀಮೆಗೆ ಹೊಸತಾಗಿರಲಿಲ್ಲ.

ಗೋಪಾಲನಾಥರಿಗೆ ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮುಂದೆ ಚೆನ್ನೈನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಗುರುಗಳಾದರು. ಮೊದಲಿಗೆ ಎದುರಾದ ಅಡ್ಡಿ ಜನರ ಮಡಿವಂತಿಕೆಯಲ್ಲ, ವಾದ್ಯದ ರಚನೆಯೇ. ನಾಗಸ್ವರದ ರಂಧ್ರ ತೆರೆದೇ ಇರುತ್ತದೆ. ಬೆರಳನ್ನು ಅರ್ಧ ಸರಿಸಿದರೆ ಸ್ವರ ತಾನಾಗಿ ಜಾರುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ಮಧ್ಯೆ ಕೀಲಿ ಇದೆ, ಕೀಲಿಯ ಅಡಿಯಲ್ಲಿ ಮೆತ್ತೆ ಇದೆ. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯದ ರಚನೆಯೇ ಹೀಗೆ. ತೋಡಿ ರಾಗದ ಗಾಂಧಾರ ಸ್ವರವಾದರೋ ಒಂದೆಡೆ ನಿಂತರೆ ತೋಡಿಯೇ ಅಲ್ಲ. ಅದು ಕಂಪಿಸುತ್ತಲೇ ಇರಬೇಕು; ಸ್ವರದ ಈ ಜಾರು, ಕಂಪನಗಳೇ ಗಮಕ. ಬೆರಳಿಗೆ ಆಗದ ಆ ಕೆಲಸವನ್ನು ತುಟಿ, ದವಡೆ, ಉಸಿರು ಮಾಡಬೇಕು. ತುಟಿಯ ಹಿಡಿತ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಶ್ರುತಿ ತಪ್ಪುತ್ತದೆ. ಇದನ್ನು ಗಂಟೆಗಟ್ಟಲೆ, ಚಕ್ಕಂಬಕ್ಕಳ ಹಾಕಿ ಕೂತು ಮಾಡುವುದು ಎಂಥ ಶ್ರಮ ಎಂಬುದನ್ನು ಊದಿ ನೋಡಿದವರನ್ನು ಕೇಳಬೇಕು.

ಇದೇ ಸಮಸ್ಯೆಯನ್ನು ಜಗತ್ತಿನ ಇನ್ನೊಂದು ತುದಿಯಿಂದ ಬಿಡಿಸಲು ಹೊರಟವರು ಜಾಝ್ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್. 1970ರ ದಶಕದಲ್ಲಿ ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜತೆ ‘ಶಕ್ತಿ’ ತಂಡ ಕಟ್ಟಿದಾಗ, ಮೆಟ್ಟಿಲುಗಳ ನಡುವಿನ ಮರವನ್ನು ಕೊರೆದು ತಗ್ಗು ಮಾಡಿದ ಗಿಟಾರನ್ನೇ ಅವರು ಮಾಡಿಸಿಕೊಂಡರು. ವೀಣೆಯಂತೆ ತಂತಿ ಎಳೆದು ಗಮಕ ಹಿಡಿಯುವುದು ಉದ್ದೇಶ. ಜಾಝ್‌ನವರು ಗಮಕಕ್ಕಾಗಿ ಗಿಟಾರ್ ಕೊರೆಯುತ್ತಿದ್ದ ಆ ದಿನಗಳಲ್ಲೇ ಮಂಗಳೂರಿನ ಈ ಯುವಕ ಜಾಝ್‌ನ ವಾದ್ಯದಲ್ಲಿ ಗಮಕ ಹುಡುಕುತ್ತಿದ್ದ.

ಎರಡು ದಾರಿಗಳು ಹತ್ತಿರ ಬಂದದ್ದು 1980ರಲ್ಲಿ, ಮುಂಬೈನ ಜಾಝ್ ಉತ್ಸವದಲ್ಲಿ. ಅಮೆರಿಕದ ಜಾನ್ ಹ್ಯಾಂಡಿ ಗೋಪಾಲನಾಥರ ವಾದನ ಕೇಳಿ ಅವರೊಡನೆ ನುಡಿಸಲು ಮುಂದಾದರು. ಹ್ಯಾಂಡಿ ಸಾಮಾನ್ಯರಲ್ಲ, ಚಾರ್ಲ್ಸ್ ಮಿಂಗಸ್ ತಂಡದಲ್ಲಿ ಪಳಗಿದವರು, ಉಸ್ತಾದ್ ಅಲಿ ಅಕ್ಬರ್ ಖಾನ್ ಜತೆ ಧ್ವನಿಮುದ್ರಣ ಮಾಡಿದ್ದವರು. ಅವರು ತಲೆದೂಗಿದ ಮೇಲೆ ಹೊರನಾಡಿನ ಬಾಗಿಲುಗಳು ಒಂದೊಂದಾಗಿ ತೆರೆದವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್. ಕರ್ನಾಟಕ ಸಂಗೀತಗಾರರೊಬ್ಬರು ಅಲ್ಲಿ ನುಡಿಸಿದ್ದು ಅದೇ ಮೊದಲು. ಪಿಟೀಲಿನ ಎ. ಕನ್ಯಾಕುಮಾರಿ, ಮೋರ್ಸಿಂಗ್‌ನ ಬೆಂಗಳೂರು ರಾಜಶೇಖರ್ ಅವರಂಥವರು ಕಛೇರಿಗಳಿಗೆ ಬಲವಾಗಿದ್ದರು.

ಆ ಪಯಣದಲ್ಲಿ ನಮಗೆ ಅತಿ ಮುಖ್ಯವೆನಿಸುವುದು 2008ರ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆ. ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಅಲ್ಲಿನ ಹೆಸರಾಂತ ಜಾಝ್ ಸ್ಯಾಕ್ಸೋಫೋನ್ ವಾದಕ. ಅಣ್ಣನೊಬ್ಬ ತಮಾಷೆಗೆಂದು ಕೊಟ್ಟ ಗೋಪಾಲನಾಥರ ಧ್ವನಿಮುದ್ರಿಕೆ ಅವರನ್ನು ಬೆಚ್ಚಿಬೀಳಿಸಿತ್ತು; ಕೊನೆಗೆ ಅದೇ ಹಿರಿಯರೊಂದಿಗೆ ಕೂತು ನುಡಿಸುವಲ್ಲಿಗೆ ತಂದಿತು. ಕರಾಚಿಯಲ್ಲಿ ಹುಟ್ಟಿದ ರೆಝ್ ಅಬ್ಬಾಸಿ ಅದರಲ್ಲಿ ಗಿಟಾರ್ ನುಡಿಸಿದ್ದಾರೆ. ಕಿವಿಗೊಟ್ಟು ಕೇಳಿ: ಕಿರಿಯರು ಸ್ವರಗಳ ರಾಶಿಯ ಮೇಲೆ ಜಿಗಿಯುತ್ತ ಸಾಗುತ್ತಾರೆ, ಹಿರಿಯರು ರಾಗದ ಎಲ್ಲೆಯೊಳಗೇ ನಿಂತು ಉತ್ತರ ಕೊಡುತ್ತಾರೆ. ಯಾರೂ ಯಾರಿಗೂ ಸೋಲುವುದಿಲ್ಲ. ಬೆಸುಗೆ (ಫ್ಯೂಷನ್) ಸಂಗೀತದ ಹೆಸರಲ್ಲಿ ಬರುವ ಬಹಳಷ್ಟು ಸದ್ದಿನ ಮಧ್ಯೆ ಇಂಥ ಆತ್ಮಗೌರವ ಅಪರೂಪ.

ಇನ್ನು ನಮ್ಮ ಮಂಡ್ಯ ಜಿಲ್ಲೆಯ ಕಡೆಗೆ. ಹೊಣಕೆರೆ, ನಾಗಮಂಗಲ, ಕೆ.ಆರ್. ಪೇಟೆ ಸುತ್ತಿನ ಮದುವೆಗಳಿಗೆ ವಾಲಗವಿಲ್ಲದೆ ಮುಹೂರ್ತವಿಲ್ಲ. ಆ ವಾಲಗದಲ್ಲಿ ಈಗ ಸ್ಯಾಕ್ಸೋಫೋನ್ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಧಾರೆಯ ಹೊತ್ತಿಗೆ ಅದೇ ಹೊಳೆಯುವ ವಾದ್ಯದಲ್ಲಿ ಗಟ್ಟಿಮೇಳ, ಊಟದ ಹೊತ್ತಿಗೆ ಸಿನಿಮಾ ಹಾಡು. ದೇವಸ್ಥಾನದಲ್ಲೂ ಕಲ್ಯಾಣಮಂಟಪದಲ್ಲೂ ಈ ವಾದ್ಯಕ್ಕೆ ಗೌರವದ ಜಾಗ ಸಿಕ್ಕಿದ್ದರೆ ಅದರ ಹಿಂದಿರುವುದು ಗೋಪಾಲನಾಥರ ಜೀವಮಾನದ ದುಡಿಮೆ. ಎಷ್ಟೋ ವಾದ್ಯಗಾರ ಕುಟುಂಬಗಳ ಒಲೆ ಇದರಿಂದ ಉರಿಯುತ್ತಿದೆ ಎಂಬುದನ್ನು ನಾವು ಮರೆಯಬಾರದು.

ಆದರೂ ಒಂದು ನೋವು ಉಳಿಯುತ್ತದೆ. ಸ್ಯಾಕ್ಸೋಫೋನ್ ಬಂದ ಕಡೆ ನಾಗಸ್ವರ ಹಿಂದೆ ಸರಿಯುತ್ತಿದೆ. ನಾಗಸ್ವರದ ಮನೆಯಿಂದ ಬಂದು, ಅದರ ಬಾನಿಯನ್ನೇ, ಅಂದರೆ ನುಡಿಸುವ ಶೈಲಿಯನ್ನೇ, ಲೋಹದೊಳಗೆ ತುಂಬಿದವರು ಗೋಪಾಲನಾಥ್. ಬಾನಿ ಕಲಿಯದೆ ವಾದ್ಯವನ್ನಷ್ಟೇ ಕೊಂಡರೆ ಸಿಗುವುದು ಬರೀ ಗಟ್ಟಿ ಸದ್ದು. ತಪ್ಪು ಊದುವವರದಲ್ಲ, ಒಂದು ಮದುವೆ ಕಾಲದ ದುಡಿಮೆಯಲ್ಲಿ ಇಡೀ ವರ್ಷ ಬದುಕಬೇಕಾದವರು ವರ್ಷಗಟ್ಟಲೆ ಗುರುಕುಲದಲ್ಲಿ ಕೂರುವುದಾದರೂ ಹೇಗೆ? ಮೈಸೂರಿನಲ್ಲೇ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವಿದೆ. ಮಂಡ್ಯ ಜಿಲ್ಲೆಯ ವಾಲಗದವರ ಮಕ್ಕಳಿಗೆ ಮದುವೆಗಳಿಲ್ಲದ ಆಷಾಢದಲ್ಲಿ, ವೇತನ ಸಹಿತ, ನಾಗಸ್ವರ ಮತ್ತು ಸ್ಯಾಕ್ಸೋಫೋನ್ ಎರಡನ್ನೂ ಒಟ್ಟಿಗೆ ಕಲಿಸುವ ಶಿಬಿರ ಅಲ್ಲಿಂದಲೇ ಶುರುವಾಗಲಿ. ಮೊದಲ ಪಾಠಕ್ಕೆ ಗೋಪಾಲನಾಥರ ಧ್ವನಿಮುದ್ರಿಕೆಗಳಿವೆ.